ಬಂದಿದೆ ಅಂದ ಗುಮಾಸ್ತರು

ಅವರ ಬಲಗೈ ಹೆಬ್ಬೆರಳು ನೇರಳೆ ಬಣ್ಣದ್ದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ಬಿದ್ದು ಆದದ್ದೂ ಅಲ್ಲ. ಸೀಲು ಒತ್ತುವ ಮೊದಲು ಇಂಕ್ ಪ್ಯಾಡು ಒಣಗಿದೆಯೋ ಹಸಿಯಿದೆಯೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಅಭ್ಯಾಸ. ಒಂದು ನಿಮಿಷದ ಹಿಂದೆ ಹಸಿಯಿದ್ದ ಪ್ಯಾಡು ಈಗ ಒಣಗಿಬಿಟ್ಟಿರಬಹುದು ಎಂಬ ಅನುಮಾನ ಅವರಿಗೆ ಯಾಕೆ ಬರುತ್ತಿತ್ತೋ ನಾನರಿಯೆ. ಆ ಬಣ್ಣ ಉಗುರಿನ ಸಂದಿಗೆ ಇಳಿದು, ಅಲ್ಲಿಂದ ಟೀ ಲೋಟಕ್ಕೆ, ಕನ್ನಡಕದ ಕಡ್ಡಿಗೆ, ಹಣೆಯ ವಿಭೂತಿಯ ಪಕ್ಕಕ್ಕೆ, ಕೊನೆಗೆ ನಮ್ಮ ಅರ್ಜಿಗಳ ಮೂಲೆಗಳಿಗೆಲ್ಲ ಹತ್ತುತ್ತಿತ್ತು. ನೇರಳೆ ಗುರುತಿಲ್ಲದ ಅರ್ಜಿ ಇನ್ನೂ ಅವರ ಕೈಗೆ ಹೋಗಿಲ್ಲ ಎಂದೇ ನಾವು ಲೆಕ್ಕ ಹಾಕುತ್ತಿದ್ದೆವು.

ಕಡೂರಿನ ನಮ್ಮ ಸರ್ಕಾರಿ ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುತ್ತಿದ್ದವರು ಅವರು. ನಾವೆಲ್ಲ ಬೆಳಿಗ್ಗೆ ಬಸ್ಸೋ ರೈಲೋ ಹಿಡಿದು ಬಂದು ಸಂಜೆ ಮನೆ ಸೇರುವ ಹಳ್ಳಿಯ ಮಕ್ಕಳು. ಮನೆಯಿಂದ ಹೋಗಿ ಬರುವಷ್ಟು ಹತ್ತಿರ ಒಂದು ಡಿಗ್ರಿ ಕಾಲೇಜು ಇತ್ತು ಎಂಬ ಒಂದೇ ಕಾರಣಕ್ಕೆ ಓದಲು ಬಂದವರು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಮುಖ ನೋಡದೆ ಮೂರು ವರ್ಷ ಕಳೆದವರಿದ್ದರು. ಈ ಗುಮಾಸ್ತರ ಕಿಟಕಿಯ ಮುಂದೆ ನಿಲ್ಲದೆ ಕಳೆದವರು ಯಾರೂ ಇರಲಿಲ್ಲ.

ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನ ಹೆಸರಿನಿಂದ ಕರೆಯುತ್ತಿದ್ದರು. ‘ಏ ಪಂಚನಹಳ್ಳಿ, ನಿಂದು ಆಧಾರ್ ಜೆರಾಕ್ಸ್ ಎಲ್ಲಮ್ಮ?’ ‘ಯಗಟಿ ಬಂತಾ? ಎರಡನೇ ಯಗಟಿ ಅಲ್ಲ, ಉದ್ದನೇ ಯಗಟಿ.’ ನಾನು ಶಿವನಿಯವಳು. ಹಾಗಾಗಿ ಶಿವನಿ ಎನ್ನುವುದೇ ನನ್ನ ಹೆಸರಾಯಿತು. ಹುಡುಗಿಯರಿಗೆ ಆ ಹೆಸರು ಇಡುವುದೂ ಉಂಟಲ್ಲ, ಹೊಸದಾಗಿ ಬಂದ ಉಪನ್ಯಾಸಕಿಯೊಬ್ಬರು ಇಡೀ ಒಂದು ಸೆಮಿಸ್ಟರ್ ನನ್ನನ್ನು ನಿಜವಾಗಿಯೂ ಶಿವನಿ ಎಂದೇ ಹಾಜರಿ ಪುಸ್ತಕದಲ್ಲಿ ಹುಡುಕುತ್ತಿದ್ದರು. ನನ್ನ ಹೆಸರು ಕಾವ್ಯ.

ಗುಮಾಸ್ತರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ. ‘ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು.’ ಮೊದಮೊದಲು ನಮಗೆ ಸಿಟ್ಟು ಬರುತ್ತಿತ್ತು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡು ಬಂದು, ತಿಂಡಿಯೂ ಇಲ್ಲದೆ ಕಿಟಕಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದ ಮೇಲೆ, ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು ಅರ್ಥ ಆಗಲಿಲ್ಲ ಎಂದರೆ ಹೇಗಾಗಬೇಡ? ಎರಡನೆಯ ಸಲ ಹೇಳುವಾಗ ನಮ್ಮ ಮಾತು ಸ್ವಲ್ಪ ನೆಟ್ಟಗಾಗುತ್ತಿತ್ತು. ಮೂರನೆಯ ಸಲ ಹೇಳುವಷ್ಟರಲ್ಲಿ ತಪ್ಪು ಎಲ್ಲಿದೆ ಎಂದು ನಮಗೇ ಹೊಳೆದಿರುತ್ತಿತ್ತು. ಇದು ಅವರ ಉಪಾಯವೋ ಅಥವಾ ನಿಜವಾಗಿಯೂ ಅವರಿಗೆ ತಿಳಿಯುತ್ತಿರಲಿಲ್ಲವೋ ಎಂದು ನಾವು ಗೆಳತಿಯರು ರೈಲಿನಲ್ಲಿ ವಾದ ಮಾಡುತ್ತಿದ್ದೆವು. ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ವಿಷಯದಲ್ಲಿ ನನಗೆ ಗೊತ್ತಿಲ್ಲದ ಸಂಗತಿಗಳ ಪೈಕಿ ಇದೇ ಚಿಕ್ಕದು.

ಕಂಪ್ಯೂಟರ್ ಅವರಿಗೆ ತಡವಾಗಿ ಬಂದ ಸಂಬಂಧ. ಮೊದಲು ಅರ್ಜಿಯೆಂದರೆ ಕಾಗದ, ಸೀಲು, ಕಟ್ಟು, ಕಟ್ಟಿಗೊಂದು ದಾರ. ಆಮೇಲೆ ಎಲ್ಲವೂ ಪೋರ್ಟಲ್‌ಗೆ ಹೋಯಿತು. ಆದರೂ ನಾವು ಅಪ್‌ಲೋಡ್ ಮಾಡಿದ ಪ್ರತಿಯೊಂದನ್ನೂ ಪ್ರಿಂಟ್ ತೆಗೆಸಿ ಕೊಡಬೇಕಿತ್ತು, ಅವರು ಅದಕ್ಕೆ ಸೀಲು ಒತ್ತಿ ದಾರ ಕಟ್ಟಬೇಕಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಬಂದರೆ ಕುರ್ಚಿ ಹಿಂದಕ್ಕೆ ಸರಿಸಿ ‘ಇದೇನ್ ಹೇಳ್ತದೆ ನೋಡಮ್ಮ’ ಎನ್ನುತ್ತಿದ್ದರು. ಸಹಾಯವಾಣಿಗೆ ಫೋನು ಹಚ್ಚಿ, ಅದರ ಸಂಗೀತವನ್ನು ಸ್ಪೀಕರಿನಲ್ಲಿ ಹಾಕಿ, ಸೀಲು ಒತ್ತುತ್ತ ಕೂರುತ್ತಿದ್ದರು. ಆ ಸಂಗೀತ ನಮಗೆಲ್ಲ ಬಾಯಿಪಾಠವಾಗಿತ್ತು.

ಪಂಚನಹಳ್ಳಿಯ ನನ್ನ ಗೆಳತಿಯ ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಅವಳ ಆಧಾರಿಗೆ ಜೋಡಿಸಿದ್ದ ಮೊಬೈಲ್ ನಂಬರು ಅವಳ ಸೋದರಮಾವನದು. ಓಟಿಪಿ ಅಲ್ಲಿಗೆ ಹೋಗುತ್ತಿತ್ತು. ಅವತ್ತು ಓಟಿಪಿ ಕಳಿಸಿ ಇವಳು ಫೋನು ಮಾಡಿದರೆ ಮಾವ ತೆಂಗಿನ ಮರದ ತುದಿಯಲ್ಲಿದ್ದಾರೆ. ಫೋನು ಜೇಬಿನಲ್ಲೇ ಇದೆ. ‘ಇರು, ಒಂದ್ ಕೈ ಬಿಟ್ಟು ನೋಡ್ತೀನಿ’ ಎನ್ನುತ್ತಿರುವುದು ಸ್ಪೀಕರಿನಲ್ಲಿ ಕಚೇರಿಗೆಲ್ಲ ಕೇಳಿತು. ಗುಮಾಸ್ತರು ಎದ್ದು ನಿಂತುಬಿಟ್ಟರು.

‘ಬ್ಯಾಡ ಬ್ಯಾಡ, ಮೊದ್ಲು ಇಳೀರಿ ಸ್ವಾಮಿ,’ ಎಂದು ಫೋನಿಗೆ ಬಾಯಿ ಹಚ್ಚಿ ಹೇಳಿದರು. ಆಮೇಲೆ ಅವಳ ಕಡೆ ತಿರುಗಿ, ‘ಓಟಿಪಿ ಇನ್ನೊಂದ್ ಬತ್ತದೆ ಕಣಮ್ಮ. ಮಾವ ಇನ್ನೊಬ್ರು ಬರಲ್ಲ,’ ಎಂದರು.

ಮಾವ ಇಳಿದು, ನೀರು ಕುಡಿದು, ಹೆಂಡತಿಯನ್ನು ಕರೆದು ಓದಿಸಿ ಹೇಳುವಷ್ಟರಲ್ಲಿ ಆ ಓಟಿಪಿಯ ಸಮಯ ಮುಗಿದಿತ್ತು. ಇನ್ನೊಂದು ಬಂತು. ಗುಮಾಸ್ತರು ತಮ್ಮ ಮೇಜಿನ ಡಬ್ಬಿಯಿಂದ ಕೊಬ್ಬರಿ, ಬೆಲ್ಲ ತೆಗೆದು ಅವಳಿಗೂ ಜೊತೆಗಿದ್ದ ನನಗೂ ಕೊಟ್ಟರು. ಆ ಡಬ್ಬಿ ಮೊದಲ ರೈಲಿಗೆ ಬರುವವರಿಗೆಂದೇ ಇತ್ತು ಎಂದು ನನಗೆ ಆಮೇಲೆ ತಿಳಿಯಿತು. ಯಾರೂ ಕೇಳುತ್ತಿರಲಿಲ್ಲ, ಅವರೇ ಮುಖ ನೋಡಿ ಕೊಡುತ್ತಿದ್ದರು. ಬೆಲ್ಲದ ಮೇಲೂ ಒಂದೊಂದು ಸಲ ನೇರಳೆ ಗುರುತು ಇರುತ್ತಿತ್ತು. ಆದರೂ ತಿಂದಿದ್ದೇವೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮದು ಕೂಡು ಕುಟುಂಬ. ಅಪ್ಪ ಚಿಕ್ಕವರು, ಮನೆಯ ಮಾತು ದೊಡ್ಡಪ್ಪನದು. ನಾನು ಡಿಗ್ರಿಯ ಎರಡನೆಯ ವರ್ಷದಲ್ಲಿದ್ದಾಗ ದೊಡ್ಡಪ್ಪ ತರೀಕೆರೆ ಕಡೆಯಿಂದ ಒಂದು ಸಂಬಂಧ ತಂದರು. ಒಳ್ಳೆಯ ಮನೆತನ, ಹುಡುಗನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಮಠಕ್ಕೆ ನಡೆದುಕೊಳ್ಳುವ ಜನ. ಬೇಡ ಎನ್ನಲು ಅಪ್ಪನಿಗೆ ಕಾರಣ ಸಿಗಲಿಲ್ಲ. ನನಗೆ ಓದಬೇಕೆಂದಿದೆ ಎಂಬುದು ನಮ್ಮ ಮನೆಯಲ್ಲಿ ಕಾರಣವಾಗುತ್ತಿರಲಿಲ್ಲ. ನಡುಮನೆಯಲ್ಲಿ ಮಾತು ನಡೆದು ನಡೆದು, ಕೊನೆಗೆ ದೊಡ್ಡಪ್ಪನೇ ಒಂದು ತೀರ್ಮಾನ ಹೇಳಿದರು.

‘ಸರ್ಕಾರವೇ ಓದುಸ್ತದೆ ಅಂದ್ರೆ ಓದ್ಲಿ, ನಾನ್ಯಾಕೆ ಬ್ಯಾಡ ಅನ್ಲಿ? ಸ್ಕಾಲರ್‌ಶಿಪ್ ಬಂದ್ರೆ ಡಿಗ್ರಿ ಮುಗೀಲಿ. ಬರದಿದ್ರೆ ಯುಗಾದಿ ಕಳೀತಿದ್ದಂಗೆ ಮಾತು ಮುಗ್ಸೋಣ.’

ಮೊದಲ ವರ್ಷದ್ದು ಬಂದಿರಲಿಲ್ಲ. ಬ್ಯಾಂಕಿಗೆ ಆಧಾರ್ ಜೋಡಣೆಯಾಗಿಲ್ಲ ಎಂದು ತಪ್ಪಿಹೋಗಿತ್ತು. ಅದು ದೊಡ್ಡಪ್ಪನಿಗೂ ಗೊತ್ತಿತ್ತು. ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವರು ಹಾಗೆ ಹೇಳಿದ್ದು ಎಂದು ನನ್ನ ಅನುಮಾನ. ಅಂತೂ ನನ್ನ ಮದುವೆ ನಿಂತಿದ್ದುದು ಒಂದು ಪೋರ್ಟಲ್ಲಿನ ಮೇಲೆ.

ಆ ವರ್ಷ ಆದಾಯ ಪ್ರಮಾಣಪತ್ರ ಹೊಸದಾಗಿ ಮಾಡಿಸಬೇಕಿತ್ತು. ಅಪ್ಪನಿಗೆ ತೊಗರಿಯ ಕೆಲಸ, ಆದ್ದರಿಂದ ನಾನೇ ಅಜ್ಜಂಪುರದ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ತುಂಬಿ ಕೊಟ್ಟೆ. ಡಿಗ್ರಿ ಓದುವ ಹುಡುಗಿ, ಇನ್ನೊಬ್ಬರನ್ನು ಏನು ಕೇಳುವುದು ಎಂಬ ಜಂಬ ಬೇರೆ. ಪ್ರಮಾಣಪತ್ರ ಬಂತು, ಅದರ ನಂಬರನ್ನು ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಹಾಕಿದೆ, ಅರ್ಜಿ ಕಳಿಸಿದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗುಮಾಸ್ತರು ಕಿಟಕಿಯಿಂದ ಕರೆದರು. ಹಿಂದೆ ಹತ್ತು ಹದಿನೈದು ಜನ ನಿಂತಿದ್ದರು.

‘ಶಿವನಿ, ನಿನ್ ಅರ್ಜಿ ವಾಪಸ್ ಬಂದದೆ. ಪತಿಯ ವಿವರ ಕೊಡಿ ಅಂತ ಕೇಳವ್ರೆ. ನಿಂಗೆ ಮದ್ವೆ ಆಗದ್ಯೇನಮ್ಮ?’

ಎಲ್ಲರೂ ನಕ್ಕರು. ನಾನೂ ನಕ್ಕೆ. ‘ಇಲ್ಲ ಸಾರ್’ ಎಂದೆ.

‘ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು.’

‘ಮದ್ವೆ ಆಗಿಲ್ಲ ಸಾರ್.’

ಅವರು ಕಟ್ಟಿನಿಂದ ನನ್ನ ಪ್ರಮಾಣಪತ್ರ ಎಳೆದು ನೋಡಿದರು. ನೋಡಿದವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಆ ಹಾಳೆಯನ್ನು ಮಡಿಸಿ ಅಂಗೈ ಕೆಳಗೆ ಇಟ್ಟುಕೊಂಡು, ‘ಎಲ್ರೂ ಊಟ ಮಾಡ್ಕಂಬನ್ರಪ್ಪ, ಹೋಗಿ’ ಎಂದರು. ಆಗ ಸಮಯ ಬೆಳಿಗ್ಗೆ ಹತ್ತೂವರೆ. ‘ಈಗ್ಯಾವ ಊಟ ಸಾರ್’ ಎಂದು ಯಾರೋ ಕೇಳಿದ್ದಕ್ಕೆ, ಕಂಪ್ಯೂಟರಿನ ಸ್ವಿಚ್ಚನ್ನೇ ಆರಿಸಿ, ‘ಸರ್ವರ್ ಹೋಯ್ತು’ ಎಂದರು. ಎಲ್ಲರೂ ಹೋದ ಮೇಲೆ ನನ್ನನ್ನು ಒಳಗೆ ಕರೆದು ಕೂರಿಸಿದರು.

‘ಇದ್ನ ಬರ್ದೋರು ಯಾರಮ್ಮ?’

‘ನಾನೇ ಸಾರ್.’

ಪ್ರಮಾಣಪತ್ರದ ಅರ್ಜಿಯಲ್ಲಿ ನಾನು ಬರೆದದ್ದು ‘ಕಾವ್ಯ ಕೋಂ ಓಂಕಾರಪ್ಪ’ ಎಂದು. ಓಂಕಾರಪ್ಪ ನನ್ನ ತಂದೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳಲ್ಲೆಲ್ಲ ದೊಡ್ಡಪ್ಪನ ಹೆಸರಿನ ಮುಂದೆ ‘ಬಿನ್’ ಎಂದಿತ್ತು, ಅಪ್ಪನ ಹೆಸರಿನ ಮುಂದೆಯೂ ‘ಬಿನ್’ ಎಂದಿತ್ತು. ಅಮ್ಮನ ಹೆಸರಿನ ಮುಂದೆ ‘ಕೋಂ’, ಅಜ್ಜಿಯ ಹೆಸರಿನ ಮುಂದೆ ‘ಕೋಂ’. ಗಂಡಸರಿಗೆ ಬಿನ್, ಹೆಂಗಸರಿಗೆ ಕೋಂ, ಇಷ್ಟೇ ಎಂದು ನಾನು ತಿಳಿದಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ, ನಾನು ಯಾರನ್ನೂ ಕೇಳಿರಲಿಲ್ಲ. ಅರ್ಜಿಯಲ್ಲಿದ್ದುದನ್ನು ತಾಲ್ಲೂಕು ಕಚೇರಿಯವರು ಹಾಗೆಯೇ ಪ್ರಮಾಣಪತ್ರಕ್ಕೆ ಇಳಿಸಿದ್ದರು.

ಗುಮಾಸ್ತರು ನನ್ನ ಮುಖ ನೋಡಲಿಲ್ಲ. ಪ್ಯಾಡಿನ ಮೇಲೆ ಹೆಬ್ಬೆರಳು ಒತ್ತುತ್ತ, ‘ಬಿನ್ ಅಂದ್ರೆ ಇಂಥೋರ ಮಗ. ಕೋಂ ಅಂದ್ರೆ…’ ಎಂದು ನಿಲ್ಲಿಸಿ, ಮತ್ತೊಮ್ಮೆ ಒತ್ತಿ, ‘ಕೋಂ ಅಂದ್ರೆ ಇಂಥೋರ ಹೆಂಡ್ತಿ ಅಂತ ಕಣಮ್ಮ’ ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ ನಾನು ನನ್ನ ಅಪ್ಪನಿಗೆ ಏನಾಗಿದ್ದೇನೆ ಎಂದು ತಿಳಿದು ನಾಚಿಕೆ, ಅಸಹ್ಯ, ಅಳು ಎಲ್ಲ ಒಟ್ಟಿಗೆ ಬಂತು. ಅವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ, ನನ್ನನ್ನು ಸಮಾಧಾನ ಮಾಡಲೋ ಅಥವಾ ನಿಜವಾಗಿ ಅವರಿಗೇ ಆ ಅನುಮಾನ ಬಂದಿತ್ತೋ, ತಮ್ಮಷ್ಟಕ್ಕೆ ಮಾತಾಡತೊಡಗಿದರು.

‘ಅಲ್ಲ, ತಪ್ಪು ನಿಂದು ಅಂತ ಹೆಂಗ್ ಹೇಳೋದು? ಮಗನಿಗೆ ಒಂದ್ ಮಾತು ಮಾಡವ್ರೆ, ಹೆಂಡ್ತಿಗೆ ಒಂದ್ ಮಾತು ಮಾಡವ್ರೆ. ಮಗಳಿಗೆ ಏನ್ ಬರೀಬೇಕು? ನಾನು ಸರ್ವಿಸ್ ಪೂರ್ತಿ ಹೆಣ್ಮಕ್ಕಳಿಗೂ ಬಿನ್ ಅಂತಲೇ ಬರ್ಕಂಬಂದೆ. ಯಾವತ್ತೂ ಯೋಚ್ನೆ ಮಾಡ್ಲಿಲ್ಲ. ಹಂಗಾದ್ರೆ ನನ್ ಮಗಳು ನಂಗೆ ಮಗನಾ? ಅರ್ಥ ಆಗ್ಲಿಲ್ಲ ನೋಡು.’ ಆ ಹಾಳೆಯನ್ನು ನನ್ನ ಮುಂದೆಯೇ ಸಣ್ಣಗೆ ಹರಿದರು. ‘ಇದು ನಂಗೊತ್ತು, ನಿಂಗೊತ್ತು. ಯಾರಾರು ಕೇಳಿದ್ರೆ ಸ್ಪೆಲ್ಲಿಂಗ್ ಮಿಸ್ಟೇಕ್ ಅನ್ನು.’

ತಿದ್ದುಪಡಿಗೆ ಅಜ್ಜಂಪುರಕ್ಕೆ ಹೋಗಬೇಕಿತ್ತು. ಅರ್ಜಿ ಮರಳಿ ಕಳಿಸಲು ಉಳಿದಿದ್ದುದು ನಾಲ್ಕೇ ದಿನ. ಅಪ್ಪನನ್ನು ಕರೆದುಕೊಂಡು ಹೋದರೆ ವಿಷಯ ಹೇಳಬೇಕು, ಹೇಳುವ ಬಾಯಿ ನನಗಿಲ್ಲ. ಮರುದಿನ ಬೆಳಿಗ್ಗೆ ನಾನೊಬ್ಬಳೇ ಹೋಗಿ ಅಜ್ಜಂಪುರ ಸ್ಟೇಷನ್ನಿನಲ್ಲಿ ಇಳಿದರೆ, ಎದುರು ಕಡೆಯ ರೈಲಿನಿಂದ ಗುಮಾಸ್ತರು ಇಳಿಯುತ್ತಿದ್ದಾರೆ. ರಜೆ ಹಾಕಿ ಬಂದಿದ್ದರು. ಬರುತ್ತೇನೆಂದು ಹೇಳಿಯೂ ಇರಲಿಲ್ಲ.

ಕಚೇರಿಯ ಮುಂದೆ ಉದ್ದ ಸಾಲು. ಎರಡು ಗಂಟೆ ನಿಂತೆವು. ಅವರು ಒಂದು ಕಾಲಿನ ಮೇಲೆ ಭಾರ ಬಿಟ್ಟು, ಆಮೇಲೆ ಇನ್ನೊಂದು ಕಾಲಿನ ಮೇಲೆ ಬಿಟ್ಟು, ‘ಕಿಟಕಿ ಈ ಕಡೆ ನಿಂತ್ರೆ ಕಾಲು ಇಷ್ಟು ನೋಯ್ತದೆ ಅಂತ ಗೊತ್ತಿರ್ಲಿಲ್ಲ ಕಣಮ್ಮ’ ಎಂದರು. ನಮ್ಮ ಸರದಿ ಬಂದಾಗ ಒಳಗಿದ್ದ ಹುಡುಗಿ ಏನು ತಿದ್ದುಪಡಿ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವರು ಜೇಬಿನಿಂದ ಒಂದು ಚೀಟಿ ತೆಗೆದು ಕಿಟಕಿಯೊಳಗೆ ತಳ್ಳಿದರು. ಮನೆಯಿಂದಲೇ ಬರೆದುಕೊಂಡು ಬಂದಿದ್ದರು. ‘ಓದಿ ಹರ್ದ್‌ಬಿಡಿ ತಾಯಿ’ ಎಂದರು. ಅವಳು ಓದಿದಳು, ನನ್ನ ಕಡೆ ಒಂದು ಸಲ ನೋಡಿದಳು, ಚೀಟಿಯನ್ನು ಹರಿದಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ. ಈಗ ನೆನೆದರೆ ಕೇಳಬೇಕಿತ್ತು ಎನಿಸುತ್ತದೆ.

‘ಬಿನ್ ಅಂತ ಹಾಕ್ಲಾ ಸಾರ್?’

‘ಮಗಳು ಅಂತ ಹಾಕಕ್ಕಾಗಲ್ವಾ?’

‘ಎಲ್ಲ ಹೆಣ್ಮಕ್ಕಳಿಗೂ ಬಿನ್ ಅಂತಲೇ ಹಾಕದು ಸಾರ್.’

ಹಿಂದಿದ್ದವರು ಗೊಣಗತೊಡಗಿದರು. ಗುಮಾಸ್ತರು ‘ಸರಿ, ಹಾಕಿ’ ಎಂದರು. ಹೊರಗೆ ಬಂದು ಟೀ ಕುಡಿಸಿ, ‘ಆ ಪತ್ರ ಐದು ವರ್ಷ ನಡೀತದೆ. ಅಲ್ಲೀಗಂಟ ಮಗನಾಗಿರು, ಆಮೇಲ್ ನೋಡನ’ ಎಂದರು. ಹಿಂದಿನ ದಿನದಿಂದ ಅಳು ನುಂಗಿಕೊಂಡಿದ್ದ ನಾನು ಅಂಗಡಿಯ ಮುಂದೆ ನಿಂತು ನಕ್ಕುಬಿಟ್ಟೆ. ಅವರು ಯಾಕೆ ನಗುತ್ತಿದ್ದೀಯ ಎಂಬಂತೆ ನೋಡಿದರು.

ಅದರ ಮುಂದಿನ ಸೋಮವಾರ ಕಾಲೇಜಿಗೆ ಹೋದರೆ ಅವರ ಕಿಟಕಿಯ ಹೊರಗೆ ಒಂದು ಬೆಂಚು ಬಂದಿತ್ತು. ಯಾವುದೋ ತರಗತಿಯ ಮುರುಕು ಬೆಂಚಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು.

ಅರ್ಜಿ ಸಮಯಕ್ಕೆ ಸರಿಯಾಗಿ ಹೋಯಿತು. ಹೋದದ್ದು ಹೋಯಿತು, ಮುಂದೆ ಸದ್ದಿಲ್ಲ. ನಾನು ದಿನಕ್ಕೆ ಮೂರು ಸಲ ಮೊಬೈಲಿನಲ್ಲಿ ತೆರೆದು ನೋಡುತ್ತಿದ್ದೆ. ‘ಪರಿಶೀಲನೆಯಲ್ಲಿದೆ’ ಎಂದೇ ಇರುತ್ತಿತ್ತು. ಯಾರು ಪರಿಶೀಲಿಸುತ್ತಿದ್ದಾರೆ, ಎಲ್ಲಿ ಕೂತು ಪರಿಶೀಲಿಸುತ್ತಿದ್ದಾರೆ, ಒಂದು ಹುಡುಗಿ ತನ್ನ ಅಪ್ಪನ ಮಗಳು ಎಂದು ಖಾತ್ರಿಯಾಗಲು ಎಷ್ಟು ತಿಂಗಳು ಬೇಕು, ಒಂದೂ ತಿಳಿಯದು. ಶಿವರಾತ್ರಿ ಬಂತು, ಹೋಯಿತು. ಯುಗಾದಿಗೆ ಹತ್ತು ದಿನವಿದೆ ಎನ್ನುವಾಗ ಅಪ್ಪ ಹೇಳದೆ ಕೇಳದೆ ಕಾಲೇಜಿಗೆ ಬಂದರು.

ನಾನು ಲೈಬ್ರರಿಯ ಬಾಗಿಲಿನಿಂದ ನೋಡಿದೆ. ಒಗೆದ ಬಿಳಿ ಅಂಗಿ, ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಕಿಟಕಿಯ ಮುಂದೆ ನಿಂತಿದ್ದಾರೆ, ಬೆಂಚಿನ ಮೇಲೆ ಕೂತಿಲ್ಲ. ನಾನು ಓಡಿದೆ. ನಾನು ಹತ್ತಿರ ಹೋಗುವಷ್ಟರಲ್ಲಿ ಅಪ್ಪ ಕೇಳುತ್ತಿದ್ದರು.

‘ಶಿವನಿ ಓಂಕಾರಪ್ಪ ಅಂತ ಸಾರ್, ಕಾವ್ಯನ ತಂದೆ. ಬಂತಾ ಸಾರ್?’

ಗುಮಾಸ್ತರು ಅಪ್ಪನನ್ನು ನೋಡಿದರು. ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಅವರು ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳಿ ಎನ್ನುತ್ತಾರೆ ಎಂದು ನಾನು ಕಾದೆ. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮನುಷ್ಯ ಒಂದೇ ಸಲಕ್ಕೆ ಉತ್ತರ ಕೊಟ್ಟರು.

‘ಬಂದಿದೆ’ ಎಂದರು.

ಅಪ್ಪ ‘ಸರಿ ಸಾರ್’ ಎಂದು ಕೈ ಮುಗಿದರು. ನನ್ನ ಕಡೆ ತಿರುಗಿ ‘ಮಧ್ಯಾನದ್ ಬಸ್ಸಿಗೆ ಹೋಯ್ತೀನಿ ಕಣೇ, ನೀನು ಕ್ಲಾಸ್ ಮುಗ್ಸ್ಕಂಡು ಬಾ’ ಎಂದು ಹೊರಟುಹೋದರು. ಹಬ್ಬಕ್ಕೆ ಮೊದಲೇ ಮದುವೆ ಈಗ ಬೇಡವೆಂದು ತರೀಕೆರೆಯವರಿಗೆ ಸುದ್ದಿ ಹೋಯಿತು. ದೊಡ್ಡಪ್ಪ ಒಂದು ವಾರ ಅಪ್ಪನ ಜೊತೆ ನೆಟ್ಟಗೆ ಮಾತಾಡಲಿಲ್ಲ, ಆದರೆ ಆಡಿದ ಮಾತಿಗೆ ತಪ್ಪಲೂ ಇಲ್ಲ. ಆ ಹುಡುಗನಿಗೆ ವೈಶಾಖದಲ್ಲೇ ಬೇರೆ ಕಡೆ ಮದುವೆಯಾಯಿತು.

ಅವತ್ತು ಮಾತ್ರ ನಾನು ಕುಣಿದಾಡುತ್ತ ಮೊಬೈಲ್ ತೆರೆದು ನೋಡಿದೆ. ‘ಪರಿಶೀಲನೆಯಲ್ಲಿದೆ.’ ಮತ್ತೆ ತೆರೆದೆ. ಅದೇ ಇದೆ. ಕಿಟಕಿಗೆ ಓಡಿದೆ.

‘ಸಾರ್, ಬಂದಿಲ್ವಲ್ಲ ಸಾರ್?’

‘ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು.’

‘ನೀವು ಅಪ್ಪಂಗೆ ಬಂದಿದೆ ಅಂದ್ರಿ. ಬಂದಿಲ್ಲ ಸಾರ್.’

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಪರದೆಯ ಮೇಲೆ ನೇರಳೆ ಹೆಬ್ಬೆರಳು ಇಟ್ಟರು. ‘ಇಲ್ಲಿ ಹಸಿರು ಬಂದದಲ್ಲಮ್ಮ?’

‘ಅದು ಅರ್ಜಿ ಬಂದಿದೆ ಅಂತ ಸಾರ್. ಸ್ಕಾಲರ್‌ಶಿಪ್ ಬಂದಿಲ್ಲ.’

ಅವರು ಬಹಳ ಹೊತ್ತು ಆ ಹಸಿರನ್ನೇ ನೋಡಿದರು. ‘ಅರ್ಜಿ ಬಂದದೆ ಅಲ್ವಾ? ಮತ್ತೆ ನಿಮ್ಮಪ್ಪ ಬಂತಾ ಅಂದ್ರು. ಏನು ಬಂತಾ ಅಂತ ಅವ್ರು ಕೇಳ್ಲಿಲ್ಲ’ ಎಂದರು. ಆಮೇಲೆ ಪ್ಯಾಡನ್ನು ಒತ್ತಿ ನೋಡಿ, ಹಸಿಯಿದೆ ಎಂದು ಖಾತ್ರಿಯಾದ ಮೇಲೆ, ಬೇರೆ ಯಾರದೋ ಕಟ್ಟು ಬಿಚ್ಚಿ ಸೀಲು ಒತ್ತತೊಡಗಿದರು.

ನಾನು ಅಲ್ಲೇ ನಿಂತೆ. ಅವರು ಸುಳ್ಳು ಹೇಳಿದರೋ, ನಿಜಕ್ಕೂ ಆ ಹಸಿರು ಗುರುತನ್ನು ತಪ್ಪಾಗಿ ತಿಳಿದರೋ? ಸುಳ್ಳು ಎಂದರೆ, ಮದುವೆಯ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ. ಪಂಚನಹಳ್ಳಿಯವಳು ಹೇಳಿದ್ದಳೋ ಏನೋ, ಕೇಳಿದರೆ ಇಲ್ಲವೆನ್ನುತ್ತಾಳೆ. ತಪ್ಪಾಗಿ ತಿಳಿದರು ಎಂದರೆ, ಮುಖದಲ್ಲಿ ಅಯ್ಯೋ ಎನ್ನುವ ಭಾವ ಒಂದಿಷ್ಟೂ ಇರಲಿಲ್ಲ. ಅವತ್ತು ಸಂಜೆ ರೈಲಿನ ದಾರಿಯುದ್ದಕ್ಕೂ ಒಂದು ಸಲ ಅವರ ಮೇಲೆ ಪ್ರೀತಿ ಉಕ್ಕಿ ಬರುತ್ತಿತ್ತು, ಇನ್ನೊಂದು ಸಲ ಎಂಥ ಎಡವಟ್ಟು ಮನುಷ್ಯನ ಕೈಗೆ ಸಿಕ್ಕಿಕೊಂಡೆನಪ್ಪ ಎಂದು ಸಿಟ್ಟು ಬರುತ್ತಿತ್ತು.

ಆಮೇಲಿನ ತಿಂಗಳುಗಳೆಲ್ಲ ಪಾಸ್‌ಬುಕ್ಕಿನ ಭಯದಲ್ಲೇ ಕಳೆದವು. ನನ್ನ ಪಾಸ್‌ಬುಕ್ ಇದ್ದದ್ದು ಅಪ್ಪನ ಪೆಟ್ಟಿಗೆಯಲ್ಲಿ. ಅಪ್ಪ ಪೇಟೆಗೆ ಹೋದಾಗೆಲ್ಲ ಬ್ಯಾಂಕಿನ ಕಡೆ ಹೋದರೇನೋ, ಎಂಟ್ರಿ ಹಾಕಿಸಿದರೇನೋ ಎಂದು ನಾನು ಹೊಸ್ತಿಲಲ್ಲಿ ನಿಂತು ಮುಖ ನೋಡುತ್ತಿದ್ದೆ. ಒಂದು ದಿನವೂ ಅವರು ಆ ಮಾತು ಎತ್ತಲಿಲ್ಲ. ನನ್ನ ಅಪ್ಪ ಎಷ್ಟು ಮುಗ್ಧ, ಒಬ್ಬ ಗುಮಾಸ್ತ ಬಂದಿದೆ ಅಂದರೆ ನಂಬಿ ಕೂತಿದ್ದಾನಲ್ಲ ಎಂದು ನನಗೆ ಒಳಗೊಳಗೇ ನೋವಾಗುತ್ತಿತ್ತು. ಶ್ರಾವಣದಲ್ಲಿ, ಮೂರನೆಯ ವರ್ಷದ ತರಗತಿಗಳು ಶುರುವಾದ ಮೇಲೆ, ಸ್ಕಾಲರ್‌ಶಿಪ್ ನಿಜವಾಗಿ ಬಂತು. ನಾನು ಗುಮಾಸ್ತರಿಗೆ ಹೇಳಲು ಹೋದೆ. ‘ಬಂತು ಸಾರ್’ ಎಂದೆ.

‘ನಾನ್ ಅವತ್ತೇ ಹೇಳ್ಲಿಲ್ವಾ?’ ಎಂದರು. ಬೆಲ್ಲದ ಡಬ್ಬಿ ತೆಗೆದರು.

ನಾನು ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಈಗ ಅಜ್ಜಂಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಮಕ್ಕಳ ಅರ್ಜಿ ತುಂಬಿಸುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ಪ್ರತಿ ವರ್ಷ ಒಬ್ಬಳಾದರೂ ಹುಡುಗಿ ತನ್ನ ಹೆಸರಿನ ಮುಂದೆ ಕೋಂ ಎಂದು ಬರೆದು ತಂದಿರುತ್ತಾಳೆ. ಆಗ ನಾನು ಉಳಿದವರನ್ನೆಲ್ಲ ಊಟಕ್ಕೆ ಕಳಿಸುತ್ತೇನೆ.

ಗುಮಾಸ್ತರು ನಿವೃತ್ತರಾದ ಮೇಲೆ ಒಮ್ಮೆ ಕಡೂರು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ‘ಶಿವನಿ ಅಲ್ವಾ?’ ಎಂದು ಅವರೇ ಗುರುತು ಹಿಡಿದರು. ಚೀಲ ಹಿಡಿದಿದ್ದ ಕೈಯ ಹೆಬ್ಬೆರಳು ಎಲ್ಲರ ಹೆಬ್ಬೆರಳಿನಂತಾಗಿತ್ತು. ನನಗೆ ಒಂದು ಕ್ಷಣ ಇವರು ಬೇರೆ ಯಾರೋ ಎನಿಸಿತು. ಅವತ್ತಾದರೂ ಕೇಳಬೇಕಿತ್ತು. ಬಸ್ಸು ಬಂತು, ಕೇಳಲಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಅವರು ತೀರಿಹೋದರು. ಪಂಚನಹಳ್ಳಿಯವಳು ಫೋನು ಮಾಡಿದಳು. ನಾನು ಹೊರಟಾಗ ಅಪ್ಪ ತಾವೂ ಟವಲು ಹೆಗಲಿಗೆ ಹಾಕಿಕೊಂಡು ಬಂದರು. ಒಂದೇ ಒಂದು ಸಲ, ಅದೂ ಕಿಟಕಿಯ ಆಚೆ ನೋಡಿದ ಮನುಷ್ಯನ ಸಾವಿಗೆ ಅಪ್ಪ ಯಾಕೆ ಬರುತ್ತಿದ್ದಾರೆ ಎಂದು ನನಗೆ ಆಶ್ಚರ್ಯವಾಯಿತು. ಮನೆಯ ಮುಂದೆ ಹಳೆಯ ವಿದ್ಯಾರ್ಥಿಗಳು ಗುಂಪಾಗಿದ್ದರು. ಯಗಟಿ ಬಂದಿತ್ತು, ಸಿಂಗಟಗೆರೆ ಬಂದಿತ್ತು. ನಮಗೆ ಒಬ್ಬರ ಹೆಸರು ಒಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ. ಒಳಗೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಅವರ ಮಗಳು ನನ್ನನ್ನು ನೋಡಿ ‘ನೀವು ಯಾವೂರು?’ ಎಂದಳು. ಹೇಳಿದೆ. ‘ಅಪ್ಪ ಹೇಳ್ತಿದ್ರು’ ಎಂದಳು. ಏನು ಹೇಳುತ್ತಿದ್ದರು ಎಂದು ಕೇಳುವ ಹೊತ್ತು ಅದಲ್ಲ. ಅಪ್ಪ ಅವರ ಪಾದ ಮುಟ್ಟಿ, ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿ ನಿಂತಿದ್ದರು.

ವಾಪಸ್ ರೈಲಿನಲ್ಲಿ ಬೀರೂರು ದಾಟಿದ ಮೇಲೆ ನಾನು ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೋಂ ವಿಷಯ ಒಂದನ್ನು ಬಿಟ್ಟು. ಅವತ್ತು ಅವರು ಬಂದಿದೆ ಅಂದಾಗ ಸ್ಕಾಲರ್‌ಶಿಪ್ ಬಂದಿರಲಿಲ್ಲ, ಅದು ಬಂದದ್ದು ಶ್ರಾವಣದಲ್ಲಿ, ನಿನ್ನಿಂದ ಮುಚ್ಚಿಟ್ಟೆ ಎಂದೆ.

ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತ, ‘ನಂಗೊತ್ತಿತ್ತು ಕಣೇ’ ಎಂದರು. ‘ಅವತ್ತು ಬೆಳಿಗ್ಗೆನೇ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕ್ಸ್ಕಂಡೇ ಕಾಲೇಜಿಗೆ ಬಂದಿದ್ದೆ. ಪಾಸ್‌ಬುಕ್ ಕವರ್‌ನಾಗೇ ಇತ್ತು.’

ಇಷ್ಟು ವರ್ಷ ನಾನು ಮುಗ್ಧ ಎಂದುಕೊಂಡಿದ್ದ ಮನುಷ್ಯ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಾನೆ. ಬಂದಿಲ್ಲವೆಂದು ಗೊತ್ತಿದ್ದೂ ಬಂತಾ ಎಂದು ಕೇಳಿದ್ದಾನೆ. ಬಂದಿಲ್ಲವೆಂದು ಗೊತ್ತಿದ್ದೋ ಗೊತ್ತಿಲ್ಲದೆಯೋ ಅವರು ಬಂದಿದೆ ಎಂದಿದ್ದಾರೆ. ನಡುವೆ ನಿಂತ ನಾನೊಬ್ಬಳೇ ಏನೂ ಅರಿಯದವಳು.

‘ಮತ್ತೆ ಏನು ಬಂದಿದೆ ಅಂತ ನೀನ್ಯಾಕೆ ಕೇಳ್ಲಿಲ್ಲಪ್ಪ?’ ಎಂದೆ.

ಅಪ್ಪ ಸುಲಿದ ಕಾಳುಗಳನ್ನು ನನ್ನ ಅಂಗೈಗೆ ಸುರಿದರು.

‘ಕೇಳಿದ್ರೆ ನಿಜ ಹೇಳ್ಬಿಡೋರಲ್ವಾ’ ಎಂದರು.